ಹಚ್ಚೆಯ ಪ್ರಶ್ನೆಯೂ ಹೆತ್ತವರ ಅಧಿಕಾರವೂ



ಮಠದ ಮಾಸಪತ್ರಿಕೆಯಲ್ಲಿ ಷಟ್‌ಸ್ಥಲದ ವಿವೇಚನೆಯನ್ನೋ ಶರಣರೊಬ್ಬರ ಚರಿತ್ರೆಯನ್ನೋ ನಿರೀಕ್ಷಿಸಿ ಪುಟ ತಿರುವಿದ ತಮಗೆ ಹಚ್ಚೆಯ ವಿಷಯವನ್ನು ಕಂಡು ಸೋಜಿಗವಾಗಬಹುದು. ನಮಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಕಳೆದ ಕೆಲವು ವರ್ಷಗಳಿಂದ ನಾವು ಎಲ್ಲಿಗೆ ಬಿಜಯಮಾಡಿಸಿದರೂ, ಗೋಷ್ಠಿ ಮುಗಿದು ಜನ ಚದರಿದ ಮೇಲೆ, ತಂದೆಯೋ ತಾಯಿಯೋ ಹಿಂದುಳಿದು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಗಳಲ್ಲಿ ಇದೊಂದು ಸೇರಿಕೊಂಡಿದೆ. ಮಗ ತೋಳಿನ ಮೇಲೆ ಟ್ಯಾಟೂ ಹಾಕಿಸಿಕೊಳ್ಳುತ್ತೇನೆಂದು ಹಟ ಹಿಡಿದಿದ್ದಾನೆ. ಮಗಳು ಕಿವಿಯ ಮೇಲ್ಭಾಗದಲ್ಲಿ ಮೂರು ಕಡೆ ಚುಚ್ಚಿಸಿಕೊಂಡು ಬಂದಿದ್ದಾಳೆ. ಬಿಡಬೇಕೋ ತಡೆಯಬೇಕೋ ತಿಳಿಯದು. ನಮ್ಮ ಪ್ರಸಾದನಿಲಯದಲ್ಲಿ ಓದಿ ಹೋದವರು ಒಂದು ಕಾಲದಲ್ಲಿ ನೌಕರಿಯ ಬಗೆಗೆ, ವಿವಾಹದ ಬಗೆಗೆ ನಮ್ಮನ್ನು ಕೇಳುತ್ತಿದ್ದರು. ಇಂದು ಅವರೇ ಹದಿಹರೆಯದ ಮಕ್ಕಳ ತಂದೆತಾಯಿಗಳಾಗಿ ಇದನ್ನು ಕೇಳುತ್ತಿದ್ದಾರೆ. ಕೇಳಿದ ಪ್ರಶ್ನೆಗೆ ಉತ್ತರಿಸದೆ ಜಾರಿಕೊಳ್ಳುವುದು ಗುರುಪೀಠಕ್ಕೆ ಒಪ್ಪತಕ್ಕ ಮಾತಲ್ಲ.

ಈ ಬರೆಹಕ್ಕೆ ನಿಮಿತ್ತವಾದದ್ದು ಬೇಗೂರಿನಲ್ಲಿ ನಡೆದ ಒಂದು ಪ್ರಸಂಗ. ಬೆಂಗಳೂರಿನ ತೆಂಕಣ ಅಂಚಿನ ಈ ಊರು ಇಂದು ಬೊಮ್ಮನಹಳ್ಳಿಗೂ ಎಲೆಕ್ಟ್ರಾನಿಕ್ ಸಿಟಿಗೂ ದುಡಿಯಲು ಹೋಗುವವರ ಬೀಡಾಗಿದೆ. ಆದರೆ ಬೆಂಗಳೂರು ಎಂಬ ಹೆಸರು ಮೊತ್ತಮೊದಲು ಕಾಣಿಸಿಕೊಂಡದ್ದು ಇಲ್ಲಿಯ ನಾಗೇಶ್ವರ ದೇವಾಲಯದ ಗಂಗರ ಕಾಲದ ಶಾಸನದಲ್ಲಿ, ಸುಮಾರು ಕ್ರಿ.ಶ. 890ರಲ್ಲಿ, ಎಂಬುದು ಅಲ್ಲಿ ಬಾಡಿಗೆಗಿರುವ ಬಹುಜನರಿಗೆ ತಿಳಿಯದು. ಆ ಊರಿನಲ್ಲಿ ಹಾವೇರಿಯ ಕಡೆಯಿಂದ ಬಂದು ನೆಲೆಸಿದ ಭಕ್ತರೊಬ್ಬರ ಮನೆಯಲ್ಲಿ ಶ್ರಾವಣದ ಶಿವಾನುಭವಗೋಷ್ಠಿ ಏರ್ಪಟ್ಟಿತ್ತು. ಪ್ರಸಾದವಾದ ಮೇಲೆ ಮನೆಯ ಯಜಮಾನರು ತಮ್ಮ ಮಗಳನ್ನು ನಮ್ಮ ಮುಂದೆ ತಂದು ನಿಲ್ಲಿಸಿದರು. ಪದವಿಪೂರ್ವ ತರಗತಿಯಲ್ಲಿ ಓದುತ್ತಿರುವ, ಹದಿನಾರು ನಡೆಯುತ್ತಿರುವ ಹುಡುಗಿ. ಕಣ್ಣು ಅತ್ತು ಕೆಂಪಾಗಿತ್ತು.

“ಅಪ್ಪಾರ, ಕೈಮೇಲೆ ಟ್ಯಾಟೂ ಹಾಕಿಸ್ಕೋತೀನಿ ಅಂತಾಳ್ರೀ. ಇದು ನಮ್ಮ ಸಂಸ್ಕೃತಿ ಅಲ್ಲ ಅಂತ ನೀವಾದ್ರೂ ಹೇಳ್ರಿ” ಎಂದರು.

ಏನನ್ನು ಬರೆಸಿಕೊಳ್ಳಬೇಕೆಂದಿರುವೆ ತಾಯಿ, ಎಂದು ಕೇಳಿದೆವು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಅಜ್ಜಿ ಕೈಮೇಲೆ ಹಚ್ಚೆ ಇತ್ತಲ್ಲ, ಅದೇ” ಎಂದಳು. ಅಜ್ಜಿ ಲಿಂಗೈಕ್ಯರಾಗಿ ಆಗ ವರುಷ ತುಂಬಿರಲಿಲ್ಲ. ಆ ಮುದುಕಿಯನ್ನು ನಾವು ಬಲ್ಲೆವು. ಮಠದ ದಾಸೋಹದ ಮನೆಯಲ್ಲಿ ರೊಟ್ಟಿ ಬಡಿಯಲು ಕುಳಿತಾಗ ಅವರ ಮುಂಗೈ ಮೇಲೆ ರಂಗವಲ್ಲಿಯಂಥ ಹಸುರು ಎಳೆಗಳು ಕಾಣುತ್ತಿದ್ದವು. ತಂದೆ ಈ ಮಾತನ್ನು ಮೊದಲ ಬಾರಿಗೆ ಕೇಳಿದಂತಿತ್ತು. ಅವರು ಮಗಳಿಗೆ ಬೇಡವೆಂದಿದ್ದರೇ ಹೊರತು, ಏನೆಂದು ಕೇಳಿರಲಿಲ್ಲ.

ತಮ್ಮನ್ನು ಹೆತ್ತ ತಾಯಿಯ ಕೈಮೇಲಿದ್ದುದನ್ನೇ ಅವರು ನಮ್ಮ ಸಂಸ್ಕೃತಿಯಲ್ಲವೆಂದು ಹೇಳಿದಂತಾಯಿತಷ್ಟೆ! ಇದನ್ನು ಆ ಭಕ್ತರನ್ನು ಹಂಗಿಸಲೆಂದು ಬರೆಯುತ್ತಿಲ್ಲ. ನಮ್ಮಲ್ಲಿ ಬಹುಮಂದಿ ಹೆತ್ತವರು ಮೊದಲು ಹಿಡಿಯುವ ಅಸ್ತ್ರವೇ ಇದು. ಅದು ಎಷ್ಟು ಗಟ್ಟಿ ಎಂಬುದನ್ನು ಪರೀಕ್ಷಿಸುವುದು ವಿಮರ್ಶೆಯ ಕೆಲಸ.

ಕಿವಿಯಿಂದಲೇ ಆರಂಭಿಸೋಣ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯ ಕಿವಿ ಚುಚ್ಚುವ ವಿಧಿಗೆಂದೇ ಮೀಸಲು. ರಕ್ಷೆ, ಭೂಷಣ ಎಂಬ ಎರಡು ಉದ್ದೇಶಗಳಿಗಾಗಿ ಮಗುವಿನ ಕಿವಿಯನ್ನು ಚುಚ್ಚಬೇಕೆಂದು ಅಲ್ಲಿ ಹೇಳಿದೆ. ಆರನೆಯ ಇಲ್ಲವೆ ಏಳನೆಯ ತಿಂಗಳಿನಲ್ಲಿ, ದಾದಿಯ ತೊಡೆಯ ಮೇಲೆ ಕೂಡಿಸಿ, ಆಟಿಕೆಗಳಿಂದ ರಮಿಸಿ, ಬಿಸಿಲಿಗೆ ಹಿಡಿದಾಗ ಹಾಲೆಯಲ್ಲಿ ತಾನಾಗಿ ತೋರುವ ತೆಳುವಾದ ಎಡೆಯನ್ನು ನೋಡಿ ಚುಚ್ಚಬೇಕು. ಗಂಡುಮಗುವಿಗೆ ಮೊದಲು ಬಲಗಿವಿ, ಹೆಣ್ಣುಮಗುವಿಗೆ ಎಡಗಿವಿ. ಓದುಗರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅದೇ ಅಧ್ಯಾಯ ಚುಚ್ಚಿದ್ದು ಕೆಟ್ಟರೆ ಬರುವ ಊತ, ಜ್ವರ, ನೋವುಗಳನ್ನೂ ಹರಿದ ಹಾಲೆಯನ್ನು ಜೋಡಿಸುವ ಹದಿನೈದು ಬಗೆಯ ಬಂಧಗಳನ್ನೂ ವಿವರಿಸುತ್ತದೆ. ಚುಚ್ಚಲು ಹೇಳಿದ ಆಚಾರ್ಯನಿಗೆ ಚುಚ್ಚುವುದರ ಅಪಾಯವೂ ಚೆನ್ನಾಗಿ ತಿಳಿದಿತ್ತು. ನಮ್ಮ ಕಡೆ ಸೋದರಮಾವನ ತೊಡೆಯ ಮೇಲೆ ಕೂಸನ್ನು ಕೂಡಿಸಿ ಅಕ್ಕಸಾಲಿಗರಿಂದ ಚಿನ್ನದ ಎಳೆಯಲ್ಲಿ ಕಿವಿ ಚುಚ್ಚಿಸುವ ಶಾಸ್ತ್ರವನ್ನು ತಾವೆಲ್ಲರೂ ಕಂಡಿದ್ದೀರಿ. ಆ ಕೂಸು ಅಳುವುದೇ ಹೊರತು ಒಪ್ಪಿಗೆ ಕೊಡುವುದಿಲ್ಲ.

ಇನ್ನು ಕಿವಿಯ ಮೇಲ್ಭಾಗಕ್ಕೆ ಚುಚ್ಚಿಸುವುದು ಪರದೇಶದಿಂದ ಬಂದ ಹುಚ್ಚು ಎನ್ನುವವರು ತಮ್ಮ ಮುತ್ತಜ್ಜಿಯರ ಬುಗುಡಿಯನ್ನು ಮರೆತಿದ್ದಾರೆ. ಬುಗುಡಿ, ಬಾವಲಿಗಳನ್ನು ತೊಡುತ್ತಿದ್ದುದು ಅದೇ ಮೇಲ್ಗಿವಿಯಲ್ಲಿ. ಗಂಡಸರು ಒಂಟಿ, ಮುರುವುಗಳನ್ನು ಧರಿಸುತ್ತಿದ್ದರು. ಇಂದು ಕಿವಿಗೆ ಹರಳು ಹಾಕಿಕೊಂಡ ಮಗನನ್ನು ಮನೆಯಿಂದ ಹೊರಗಟ್ಟುವೆನೆನ್ನುವ ತಂದೆ ತನ್ನ ಅಜ್ಜನ ಭಾವಚಿತ್ರವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಇದಕ್ಕೆ ವಿರುದ್ಧವಾಗಿ, ನಾವು ಅನಾದಿಯೆಂದು ನಂಬಿರುವ ಮೂಗುತಿಯ ಸಂಗತಿ ಬೇರೆ. ಹನ್ನೆರಡನೆಯ ಶತಮಾನದ ಬೇಲೂರಿನ ಮದನಿಕೆಯರ ಮೈಮೇಲೆ ಇಲ್ಲದ ಆಭರಣವಿಲ್ಲ. ಆದರೆ ಮೂಗಿನಲ್ಲಿ ನತ್ತನ್ನು ಹುಡುಕಿದರೆ ಸಿಗುವುದಿಲ್ಲ. ಮೂಗುತಿಯೂ ಒಂದು ಕಾಲದಲ್ಲಿ ಹೊಸ ಶೋಕಿಯಾಗಿ ಬಂದು ಕಾಲಾಂತರದಲ್ಲಿ ಮುತ್ತೈದೆತನದ ಲಕ್ಷಣವಾಯಿತು. ಅಂದಿನ ತಂದೆಯರು ಏನೆಂದು ಗೊಣಗಿದರೋ ಬಲ್ಲವರಾರು!

ಹಚ್ಚೆಯ ಮಾತು ಕೇಳುವುದೇ ಬೇಡ. ಕೊರವರ ಹೆಂಗಸರು ಬುಟ್ಟಿ ಹೊತ್ತು ಊರೂರು ತಿರುಗಿ, ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಗಳ ಕಟ್ಟಿನಿಂದ ಚುಚ್ಚಿ, ಅರಿಸಿನ ಹಚ್ಚಿ ಹೋಗುತ್ತಿದ್ದರು. ಸತ್ತಾಗ ಬಂಗಾರ ಬೆಳ್ಳಿಯೆಲ್ಲ ಇಲ್ಲೇ ಉಳಿದು ಹಚ್ಚೆಯೊಂದೇ ಸಂಗಡ ಬರುತ್ತದೆಂಬ ನಂಬಿಕೆ ಹಳ್ಳಿಯ ಹೆಣ್ಣುಮಕ್ಕಳಲ್ಲಿತ್ತು. ಬಡವಿಗೆ ಅದೇ ಒಡವೆ.

ಪರರ ಮನೆಯ ಮಾತೇಕೆ? ವೀರಭದ್ರದೇವರ ಗುಗ್ಗಳದಲ್ಲಿ ಪುರವಂತರು ಒಡಪು ಹೇಳುತ್ತ ಗಲ್ಲಕ್ಕೆ ಶಸ್ತ್ರ ಚುಚ್ಚಿಕೊಳ್ಳುವುದನ್ನು ನಾವೇ ಬಾಲ್ಯದಿಂದ ಕಂಡಿದ್ದೇವೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮಾರಮ್ಮನ ಹಬ್ಬಕ್ಕೆ ಬಾಯಿಬೀಗ ಹಾಕಿಸಿಕೊಳ್ಳುತ್ತಾರೆ. ಮಾಧ್ವ ಸಂಪ್ರದಾಯದವರು ಆಷಾಢದ ಏಕಾದಶಿಯಂದು ತಪ್ತಮುದ್ರೆ ಧರಿಸುತ್ತಾರೆ. ಕೂಸಿಗೆ ಕಾಮಾಲೆಯೆಂದು ಕಾದ ಕಬ್ಬಿಣದ ಬರೆ ಹಾಕಿಸುವ ಅಜ್ಞಾನವೂ ನಮ್ಮ ನಾಡಿನಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಇವೆಲ್ಲವೂ ಒಂದೇ ತೂಕದವಲ್ಲ ಎಂಬುದನ್ನು ಬಲ್ಲೆವು. ಆದರೆ ಮೈಮೇಲೆ ಗುರುತು ಮೂಡಿಸುವುದು ನಮ್ಮದಲ್ಲವೆಂದು ಮಕ್ಕಳೆದುರು ಹೇಳುವ ತಂದೆ ಸುಳ್ಳು ಹೇಳುತ್ತಾನೆ. ಕೈಯಲ್ಲಿ ದೂರವಾಣಿ ಹಿಡಿದು ಕ್ಷಣದಲ್ಲಿ ಎಲ್ಲವನ್ನೂ ಹುಡುಕಬಲ್ಲ ಇಂದಿನ ಮಗುವಿಗೆ ಆ ಸುಳ್ಳು ಸಂಜೆಯೊಳಗೆ ಗೊತ್ತಾಗುತ್ತದೆ. ಅನಂತರ ಅದೇ ತಂದೆ ಹೇಳುವ ನಿಜವನ್ನೂ ಅದು ನಂಬುವುದಿಲ್ಲ.

ಹಾಗಾದರೆ ಪರಂಪರೆಯಲ್ಲಿದ್ದುದರಿಂದ ಎಲ್ಲವೂ ಸರಿಯೆ? ಇಲ್ಲಿ ಬೆಂಗಳೂರು–ಕೋಲಾರ ಸೀಮೆಯ ಒಂದು ಹಳೆಯ ಆಚಾರವನ್ನು ನೆನೆಯಬೇಕಾಗಿದೆ. ಮೊರಸು ಒಕ್ಕಲಿಗರ ಒಂದು ಶಾಖೆಯಲ್ಲಿ ಹಿರಿಯ ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಮುಂಚೆ ಅವಳ ತಾಯಿ ತನ್ನ ಕೈಯ ಕಿರುಬೆರಳು ಮತ್ತು ಉಂಗುರಬೆರಳುಗಳ ತುದಿಗೆಣ್ಣನ್ನು ಕಡಿಸಿಕೊಳ್ಳಬೇಕಾಗಿತ್ತು. ಬೆರಳು ಕೊಡುವ ಒಕ್ಕಲು ಎಂದೇ ಆ ಶಾಖೆಗೆ ಹೆಸರು. ವೃಕಾಸುರನಿಗೆ ಅಂಜಿ ಅಡಗಿದ್ದ ಶಿವನನ್ನು ಒಕ್ಕಲಿಗನೊಬ್ಬ ಬೆರಳು ಮಾಡಿ ತೋರಿಸಿಕೊಟ್ಟನೆಂಬುದೂ, ಅದರ ಪ್ರಾಯಶ್ಚಿತ್ತವಾಗಿ ಅವನ ಹೆಂಡತಿ ಬೆರಳು ಅರ್ಪಿಸಿದಳೆಂಬುದೂ ಇದರ ಹಿಂದಿನ ಕಥೆ. ತೋರಿಸಿದವನು ಗಂಡಸು, ಬೆರಳು ಕಳೆದುಕೊಂಡವಳು ಹೆಂಗಸು ಎಂಬುದನ್ನು ವಾಚಕರು ಗಮನಿಸದೆ ಇರಲಾರರು. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರು ಅದೇ ಕುಲದವರು. ಅವರು ಈ ಪದ್ಧತಿಯನ್ನು ನಿಷೇಧಿಸಿದರೆಂಬ ಪ್ರತೀತಿ ಇದೆ. ಆದರೂ 19ನೆಯ ಶತಮಾನದ ಆರಂಭದಲ್ಲಿ ಮಾರ್ಕ್ ವಿಲ್ಕ್ಸ್ ಎಂಬ ಆಂಗ್ಲ ಅಧಿಕಾರಿ ಮೈಸೂರಿನ ಇತಿಹಾಸ ಬರೆಯುವಾಗ ಅದು ನಡೆಯುತ್ತಲೇ ಇತ್ತು. ಮುಂದೆ ಆ ಶತಮಾನದಲ್ಲಿಯೇ ಮೈಸೂರು ಸರಕಾರ ಅದನ್ನು ತಡೆಯಿತು. ಆಮೇಲೆ ಹೆಂಗಸರು ಬೆರಳ ತುದಿಗೆ ಚಿನ್ನದ ಇಲ್ಲವೆ ಬೆಳ್ಳಿಯ ಚೂರೊಂದನ್ನು ಅಂಟಿಸಿಕೊಂಡು ಅದನ್ನೇ ಕಿತ್ತು ದೇವರಿಗೆ ಅರ್ಪಿಸತೊಡಗಿದರು. ದೇವರು ಮುನಿಯಲಿಲ್ಲ, ಮಗಳ ಕಿವಿಗೆ ಓಲೆ ಬರುವುದೂ ನಿಲ್ಲಲಿಲ್ಲ.

ಆ ಸಮಾಜದ ಮೇಲೆ ದೋಷ ಹೊರಿಸಲೆಂದು ಇದನ್ನು ಎತ್ತಿಕೊಂಡಿಲ್ಲ. ಅದು ತಾನಾಗಿ ಆ ಆಚಾರವನ್ನು ದಾಟಿ ಬಂದಿರುವುದು ಅದರ ಹಿರಿಮೆ. ನಮಗೆ ಇಲ್ಲಿ ಬೇಕಾದುದು ಬೇರೆ. ಪರಂಪರೆಯಲ್ಲಿದೆ ಎಂಬುದು ಬೆರಳು ಕಡಿಯುವುದಕ್ಕೆ ಸಮರ್ಥನೆಯಾಗದಿದ್ದರೆ ಹಚ್ಚೆಗೂ ಆಗದು. ಪರಂಪರೆಯಲ್ಲಿಲ್ಲ ಎಂಬುದು ಮೂಗುತಿಯನ್ನು ತಡೆಯದಿದ್ದರೆ ಟ್ಯಾಟೂವನ್ನೂ ತಡೆಯದು. ಹೀಗಿರಲು ನಾವು ಕೇಳಬೇಕಾದ ಪ್ರಶ್ನೆ, ಆ ಗುರುತು ಅಳಿಸಬಲ್ಲುದೋ ಅಳಿಸಲಾರದ್ದೋ, ಮತ್ತು ಅದನ್ನು ನಿಶ್ಚಯಿಸಿದವರು ಯಾರು ಎಂಬುದು. ಬೆರಳಿನ ವಿಷಯದಲ್ಲಿ ಕುಲ ನಿಶ್ಚಯಿಸಿತು, ಹೆಣ್ಣು ಹೊತ್ತಳು. ಹಚ್ಚೆಯ ವಿಷಯದಲ್ಲಿ ಏನು ನಡೆದಿತ್ತೆಂಬುದನ್ನು ಮುಂದೆ ಹೇಳುತ್ತೇವೆ.

ನಮ್ಮ ಧರ್ಮದ ಲಾಂಛನಗಳನ್ನು ಈ ಕಣ್ಣಿನಿಂದ ಒಮ್ಮೆ ನೋಡಿರಿ. ವಿಭೂತಿ ಪ್ರತಿದಿನ ಹಚ್ಚಿಕೊಳ್ಳತಕ್ಕದ್ದು; ಸ್ನಾನದಲ್ಲಿ ತೊಳೆದು ಹೋಗುತ್ತದೆ, ಮರಳಿ ಧರಿಸಬೇಕು. ರುದ್ರಾಕ್ಷಿ ಕೊರಳಿನ ಮೇಲಿರುವುದೇ ಹೊರತು ಕೊರಳಿನೊಳಗೆ ಇಳಿಯುವುದಿಲ್ಲ. ಇಷ್ಟಲಿಂಗವಂತೂ ಅಂಗದ ಮೇಲೆ ಸದಾ ಇರತಕ್ಕುದಾದರೂ ದಿನಕ್ಕೊಮ್ಮೆಯಾದರೂ ಬಿಚ್ಚಿ ಕರಸ್ಥಲದಲ್ಲಿರಿಸಿ ದಿಟ್ಟಿಸತಕ್ಕದ್ದು. ಶರೀರವನ್ನೇ ಶಿವಾಲಯವಾಗಿ ಕಂಡ ಬಸವಣ್ಣನವರೂ ಅವರ ಸಮಕಾಲೀನ ಶರಣರೂ ಲಿಂಗದ ಆಕೃತಿಯನ್ನು ಚರ್ಮದ ಮೇಲೆ ಸುಟ್ಟುಕೊಳ್ಳಿರೆಂದೋ ಚುಚ್ಚಿಕೊಳ್ಳಿರೆಂದೋ ಹೇಳಲಿಲ್ಲ. ಆಚರಣೆಯಿಲ್ಲದ ಬರಿಯ ಲಾಂಛನವನ್ನು ಅವರು ಕಟುವಾಗಿ ಟೀಕಿಸಿದರು. ಒಮ್ಮೆ ಕೊರೆದರೆ ಮುಗಿಯಿತೆನ್ನುವ ಗುರುತಿಗೂ, ದಿನವೂ ಮನಸ್ಸು ಕೊಟ್ಟು ಧರಿಸಬೇಕಾದ ಗುರುತಿಗೂ ಇರುವ ಅಂತರ ಅವರಿಗೆ ತಿಳಿದಿತ್ತೆಂದು ನಾವು ಭಾವಿಸುತ್ತೇವೆ.

ಒಂದು ಆಕ್ಷೇಪ ಬರುವುದು ಸಹಜ. ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದಿಲ್ಲವೆ? ಆ ಕೂಸನ್ನು ಕೇಳಿದಿರಾ? ಬೇಗೂರಿನ ಆ ಹುಡುಗಿಯೇ ಈ ಪ್ರಶ್ನೆ ಹಾಕಿದಳೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅವಳ ತಂದೆ ನಾಲಿಗೆ ಕಚ್ಚಿಕೊಂಡರು. ಆದರೆ ಪ್ರಶ್ನೆ ಸರಿಯಾಗಿಯೇ ಇದೆ. ಕೂಸಿಗೆ ಕಟ್ಟಿದ ಲಿಂಗಧಾರಣೆಯಲ್ಲಿಗೆ ವಿಷಯ ಮುಗಿಯುವುದಾದರೆ ದೀಕ್ಷೆ ಏಕೆ ಬೇಕಿತ್ತು? ಎಂಟು ವರ್ಷ ದಾಟಿ ತಿಳಿವಳಿಕೆ ಮೂಡಿದ ಮೇಲೆ ಗುರುವಿನಿಂದ ದೀಕ್ಷೆ ಪಡೆದು ಅದೇ ಲಿಂಗವನ್ನು ತನ್ನದಾಗಿ ಮಾಡಿಕೊಳ್ಳಬೇಕೆಂಬ ವ್ಯವಸ್ಥೆಯಲ್ಲಿಯೇ ಮಗುವಿನ ಒಪ್ಪಿಗೆಗೆ ಎಡೆಯಿದೆ. ಇಂದು ಎಷ್ಟು ಮನೆಗಳಲ್ಲಿ ಆ ದೀಕ್ಷೆಯನ್ನು ಅರ್ಥ ತಿಳಿಸಿ ಮಾಡಿಸುತ್ತಿದ್ದೀರಿ ಎಂದು ನಾವು ತಿರುಗಿ ಕೇಳಿದರೆ ತಲೆ ತಗ್ಗಿಸುವವರೇ ಹೆಚ್ಚು.

ಸ್ವಂತದ ಮಾತೊಂದನ್ನು ಹೇಳುವುದಕ್ಕೆ ವಾಚಕರು ಅನುಮತಿಸಬೇಕು. ನಮ್ಮನ್ನು ಹನ್ನೊಂದನೆಯ ವಯಸ್ಸಿನಲ್ಲಿ ಹೆತ್ತವರು ಮಠಕ್ಕೆ ಒಪ್ಪಿಸಿದರು. ಕೇಳಲಿಲ್ಲ, ಕೇಳಿದ್ದರೆ ಏನು ಹೇಳುತ್ತಿದ್ದೆವೋ ತಿಳಿಯದು. ಮುಂದೆ ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದಾಗ ಪೂಜ್ಯ ಗುರುಗಳು ಏಕಾಂತದಲ್ಲಿ ಕರೆದು, ಮನಸ್ಸಿಲ್ಲದಿದ್ದರೆ ಈಗಲೇ ಹೇಳು, ಯಾರೂ ತಪ್ಪು ತಿಳಿಯುವುದಿಲ್ಲ, ಒಂದು ನೌಕರಿಗೆ ಹಚ್ಚಿ ಕಳಿಸುತ್ತೇವೆ ಎಂದರು. ಮೂರು ದಿನ ವಿಚಾರಿಸಿ ಇರುತ್ತೇನೆಂದು ಹೇಳಿದೆವು. ಈ ಕಾವಿ ನಮ್ಮದಾದದ್ದು ಆ ನಾಲ್ಕನೆಯ ದಿನ.

ಈಗ ಮಕ್ಕಳ ಪಕ್ಷಕ್ಕೆ ಬರೋಣ. ಹೆತ್ತವರನ್ನು ವಿಮರ್ಶಿಸಿದೆವೆಂದು ಅವರು ಹಿಗ್ಗಬೇಕಾದುದಿಲ್ಲ. ದೇವರ ಚಿತ್ರವನ್ನೇ ಹಾಕಿಸಿಕೊಳ್ಳುತ್ತೇನೆ, ಸ್ವಾಮಿಗಳೂ ಒಪ್ಪುತ್ತಾರೆ ಎಂಬುದು ಅವರಲ್ಲಿ ಹಲವರ ವಾದ. ಜಟೆ, ತ್ರಿಶೂಲ, ಡಮರುಗಳ ಶಿವನನ್ನು ಬೆನ್ನಿನ ತುಂಬ ಬರೆಸಿಕೊಂಡ ತರುಣರೊಬ್ಬರು ಅಭಿಮಾನದಿಂದ ಅಂಗಿ ತೆಗೆದು ನಮಗೆ ತೋರಿಸಿದ್ದುಂಟು. ಚಿತ್ರಗಾರನ ಕೈ ಚೆನ್ನಾಗಿತ್ತೆಂಬುದು ನಿಜ. ಆದರೆ ಬೆನ್ನ ಮೇಲಿನ ಶಿವನನ್ನು ಊರೆಲ್ಲ ಕಾಣಬಹುದು, ಹೊತ್ತವನು ಕಾಣಲಾರ. ಇಷ್ಟಲಿಂಗದ ರೀತಿ ಇದಕ್ಕೆ ತೀರ ವಿಪರೀತವಾದುದು. ಅದನ್ನು ಪರರು ಕಾಣಬೇಕಾದುದಿಲ್ಲ, ಧರಿಸಿದವನು ಕಾಣಬೇಕು. ಆದುದರಿಂದ ಭಕ್ತಿಯ ಹೆಸರಿನಲ್ಲಿ ನಮ್ಮ ಅನುಮೋದನೆಯನ್ನು ಯಾರೂ ಬಯಸತಕ್ಕದ್ದಲ್ಲ. ಚೆಲುವಿಗಾಗಿ ಎಂದು ನೇರವಾಗಿ ಹೇಳಿದರೆ ಅದು ಇದಕ್ಕಿಂತ ಪ್ರಾಮಾಣಿಕವಾದ ಮಾತು.

ಪ್ರೀತಿಗಾಗಿ, ದುಃಖಕ್ಕಾಗಿ ಹಾಕಿಸಿಕೊಳ್ಳುವವರೂ ಇದ್ದಾರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರರು ಅಕಾಲದಲ್ಲಿ ತೀರಿಕೊಂಡಾಗ ಅವರ ಮುಖವನ್ನು ಎದೆ ತೋಳುಗಳ ಮೇಲೆ ಬರೆಸಿಕೊಂಡ ಹುಡುಗರು ಅನೇಕರು. ಆ ಶೋಕ ಸುಳ್ಳಲ್ಲ, ನಾವು ಅದನ್ನು ಲಘುವಾಗಿ ಕಾಣೆವು. ಅದೇ ದಿನಗಳಲ್ಲಿ, ಪುನೀತರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದ ಸುದ್ದಿಯನ್ನು ಕೇಳಿ ತಮ್ಮ ಕಣ್ಣುಗಳನ್ನು ಬರೆದುಕೊಟ್ಟ ಹುಡುಗರೂ ಸಾವಿರಾರು ಮಂದಿ. ಅವರ ಮೈಮೇಲೆ ಯಾವ ಗುರುತೂ ಇಲ್ಲ.

ನನ್ನ ದೇಹ ನನ್ನದು, ಕೇಳಲು ನೀವಾರು ಎಂಬುದು ಇನ್ನೊಂದು ವಾದ. ಕಾಯವನ್ನು ಪ್ರಸಾದವೆಂದು ಭಾವಿಸುವ ನಮಗೆ ಈ ಮಾತು ಕಿವಿಗೆ ಒರಟಾಗಿ ಕೇಳಿಸುತ್ತದೆ. ಆದರೆ ಇದಕ್ಕೆ ತಂದೆ ಕೊಡುವ ಉತ್ತರ ಏನು? ಹೆತ್ತವನು ನಾನು, ನಿನ್ನ ದೇಹ ನನ್ನದು ಎಂದು ತಾನೆ? ಅದು ಇನ್ನೂ ಒರಟು. ಪ್ರಸಾದವೆಂದರೆ ಮಗನ ಸ್ವತ್ತೂ ಅಲ್ಲ, ತಂದೆಯ ಸ್ವತ್ತೂ ಅಲ್ಲ. ಪಡೆದವನು ಕೆಡಿಸದಂತೆ ಕಾಯಬೇಕು. ಅವನು ಕಾಯಬಲ್ಲವನಾಗುವ ತನಕ ಹೆತ್ತವರು ಅವನ ಪರವಾಗಿ ಕಾಯಬೇಕು. ಇಲ್ಲಿ ಹೆತ್ತವರಿಗೆ ದೊರೆಯುವುದು ಕಾವಲಿನ ಅಧಿಕಾರ ಮಾತ್ರ, ಅದೂ ಅವಧಿಯುಳ್ಳದ್ದು.

ಕಾಯುವುದೆಂದರೆ ಯಾವುದರಿಂದ ಎಂಬುದನ್ನೂ ಸ್ಪಷ್ಟಪಡಿಸಬೇಕು. ಚರ್ಮದ ಮೇಲ್ಪದರ ಕೆಲವೇ ವಾರಗಳಲ್ಲಿ ಉದುರಿ ಹೊಸದಾಗುತ್ತದೆ. ಹಚ್ಚೆಯ ಮಸಿ ಅದರ ಕೆಳಗಣ ಪದರಕ್ಕೆ ಇಳಿಯುವುದರಿಂದ ಉಳಿಯುತ್ತದೆ. ಅಲ್ಲಿ ಪರವಸ್ತುವನ್ನು ನುಂಗಿ ತೊಲಗಿಸಲು ಬಂದ ಶರೀರದ ರಕ್ಷಕ ಕೋಶಗಳೇ ಮಸಿಯನ್ನು ನುಂಗಿ, ಜೀರ್ಣಿಸಿಕೊಳ್ಳಲಾರದೆ ಹಿಡಿದುಕೊಂಡು ಕುಳಿತುಬಿಡುತ್ತವೆ. ಒಂದು ಕೋಶ ಸತ್ತರೆ ಅದು ಬಿಟ್ಟ ಮಸಿಯನ್ನು ಮತ್ತೊಂದು ಎತ್ತಿಕೊಳ್ಳುತ್ತದೆಂದು ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗದಿಂದ 2018ರಲ್ಲಿ ತೋರಿಸಿದರು. ಲೇಸರ್ ಕಿರಣದಿಂದ ತೆಗೆಸಬಹುದೆಂದು ಅಂಗಡಿಯವರು ಹೇಳುವುದು ಅರ್ಧ ಸತ್ಯ. ಹಲವು ಸಲ ಹೋಗಬೇಕು, ಹಾಕಿಸಿದ್ದಕ್ಕಿಂತ ಹೆಚ್ಚು ತೆರಬೇಕು, ನೋಯಬೇಕು. ಆದರೂ ಕೆಲವು ಬಣ್ಣಗಳು ಪೂರ್ತಿ ಹೋಗುವುದಿಲ್ಲ.

ಒಂದೇ ಸೂಜಿ ಹಲವರ ಮೈಗೆ ತಾಗಿದರೆ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ, ಸಿ ರೋಗಗಳು ಹರಡುತ್ತವೆ. ನಗರದ ಒಳ್ಳೆಯ ಅಂಗಡಿಗಳಲ್ಲಿ ಸೂಜಿ ಬದಲಿಸುತ್ತಾರೆ. ಜಾತ್ರೆಗಳಲ್ಲಿ ನೆಲದ ಮೇಲೆ ಯಂತ್ರವಿಟ್ಟುಕೊಂಡು ಕೂರುವವರಲ್ಲಿ ಆ ಎಚ್ಚರ ಕಾಣದು. ನಮ್ಮ ಮಠದ ಜಾತ್ರೆಯಲ್ಲಿಯೇ ಇದು ಹಲವು ವರ್ಷ ನಡೆಯಿತು. ತೇರಿನ ಹಗ್ಗ, ದಾಸೋಹದ ಅಕ್ಕಿ ಎಲ್ಲವನ್ನೂ ನೋಡುತ್ತಿದ್ದ ನಾವು ಇದನ್ನು ನೋಡಲಿಲ್ಲ. ಒಬ್ಬ ಹಳೆಯ ವಿದ್ಯಾರ್ಥಿ, ಈಗ ವೈದ್ಯರಾಗಿರುವವರು, ಎಚ್ಚರಿಸಿದ ಮೇಲೆ ನಿಲ್ಲಿಸಿದೆವು. ಇನ್ನು ಮಸಿಯ ಮಾತು. 2025ರ ಆರಂಭದಲ್ಲಿ ರಾಜ್ಯದ ಆರೋಗ್ಯ ಸಚಿವರಾದ ದಿನೇಶ್ ಗುಂಡೂರಾವ್ ಅವರು ಪರೀಕ್ಷೆಗೊಳಪಡಿಸಿದ ಟ್ಯಾಟೂ ಮಸಿಗಳಲ್ಲಿ ಆರ್ಸೆನಿಕ್ ಮುಂತಾದ 22 ಲೋಹಗಳು ಕಂಡುಬಂದಿವೆಯೆಂದೂ, ಇದರ ನಿಯಂತ್ರಣಕ್ಕಾಗಿ ಕೇಂದ್ರ ಸರಕಾರಕ್ಕೆ ಬರೆಯುವುದಾಗಿಯೂ ತಿಳಿಸಿದರು. ಮೇಲ್ಗಿವಿಯ ಚುಚ್ಚಿನ ಅಪಾಯ ಬೇರೆಯ ಬಗೆಯದು. ಹಾಲೆಯಲ್ಲಿ ಮಾಂಸವಿದೆ, ರಕ್ತ ಹರಿಯುತ್ತದೆ, ಬೇಗ ಮಾಯುತ್ತದೆ. ಮೇಲ್ಗಿವಿ ಮೃದ್ವಸ್ಥಿ; ಅದಕ್ಕೆ ತನ್ನದೇ ರಕ್ತಸಂಚಾರವಿಲ್ಲ. ಮಾಯಲು ತಿಂಗಳುಗಳು ಬೇಕು, ಕೀವು ತುಂಬಿದರೆ ಕಿವಿಯ ಆಕಾರವೇ ಮುದುಡಿ ಹೋಗಬಹುದು. ನಾಲಿಗೆಗೆ ಚುಚ್ಚಿಸಿಕೊಂಡವರ ಹಲ್ಲು ಒಡೆಯುವುದುಂಟು.

ತರುಣರು ಕಿವಿಗೊಡಬೇಕಾದ ಲೌಕಿಕ ಸಂಗತಿಗಳೂ ಇವೆ. ಭಾರತೀಯ ಸೈನ್ಯದ ಭರ್ತಿಯಲ್ಲಿ ಮುಂಗೈಯ ಒಳಬದಿ, ಅಂಗೈಯ ಹಿಂಬದಿಗಳನ್ನು ಬಿಟ್ಟು ಬೇರೆಡೆ ಶಾಶ್ವತ ಹಚ್ಚೆ ಇದ್ದರೆ ಒಪ್ಪುವುದಿಲ್ಲ. ಬುಡಕಟ್ಟಿನ ಜನರಿಗೆ ಅವರ ಸಂಪ್ರದಾಯದ ಮೇರೆಗೆ ವಿನಾಯಿತಿಯಿದೆ. ಹಚ್ಚೆಯನ್ನಾಗಲಿ ಚುಚ್ಚನ್ನಾಗಲಿ ಹಾಕಿಸಿಕೊಂಡವರು ಒಂದು ವರ್ಷ ರಕ್ತದಾನ ಮಾಡತಕ್ಕದ್ದಲ್ಲವೆಂದು 2017ರ ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಮಠದ ರಕ್ತದಾನ ಶಿಬಿರದಲ್ಲಿ ಈ ಕಾರಣದಿಂದ ಹಿಂದಿರುಗುವ ಯುವಕರನ್ನು ನಾವು ಕಂಡಿದ್ದೇವೆ.

ವಯಸ್ಸಿನ ವಿಷಯದಲ್ಲಿ ಇಂಗ್ಲೆಂಡಿನವರು 1969ರಷ್ಟು ಹಿಂದೆಯೇ ಕಾಯ್ದೆ ಮಾಡಿ ಹದಿನೆಂಟು ತುಂಬದವರಿಗೆ ಹಚ್ಚೆ ಹಾಕುವುದನ್ನು ಅಪರಾಧವಾಗಿಸಿದರು. ಹೆತ್ತವರು ಒಪ್ಪಿದರೂ ಅಲ್ಲಿ ಅದು ನಡೆಯದು. ಪಶ್ಚಿಮದ ಅನುಕರಣೆಯೆಂದು ಹಳಿಯುವವರೂ, ಪಶ್ಚಿಮದಲ್ಲಿ ಎಲ್ಲಕ್ಕೂ ಸ್ವಾತಂತ್ರ್ಯವಿದೆಯೆಂದು ಕುಣಿಯುವವರೂ ಇದನ್ನು ತಿಳಿದಿರಬೇಕು. ಹಚ್ಚೆಗೆಂದೇ ಅಂಥ ವಯೋಮಿತಿ ವಿಧಿಸುವ ಕೇಂದ್ರ ಕಾಯ್ದೆ ನಮ್ಮಲ್ಲಿಲ್ಲ. ಆದರೆ 1872ರ ಕರಾರು ಕಾಯ್ದೆಯ ಮೇರೆಗೆ ಅಪ್ರಾಪ್ತರು ಮಾಡಿಕೊಟ್ಟ ಕರಾರು ಊರ್ಜಿತವಾಗುವುದಿಲ್ಲ. ಆದುದರಿಂದ ಅಂಗಡಿಯಲ್ಲಿ ಹದಿನಾರರ ಹುಡುಗ ರುಜು ಹಾಕಿದ ಒಪ್ಪಿಗೆಯ ಕಾಗದಕ್ಕೆ ಬೆಲೆಯಿಲ್ಲ. ಹೊಲವೊಂದನ್ನು ಮಾರಲು ಅಧಿಕಾರವಿಲ್ಲದ ವಯಸ್ಸಿನಲ್ಲಿ ಚರ್ಮವನ್ನು ಬರೆದುಕೊಡುವ ಅಧಿಕಾರ ಎಲ್ಲಿಂದ ಬಂತು?

ಇಷ್ಟು ವಿಚಾರಿಸಿದ ಮೇಲೆ ನಮ್ಮ ಅಭಿಪ್ರಾಯವನ್ನು ಬಚ್ಚಿಡದೆ ಹೇಳುತ್ತೇವೆ. ಹದಿನೆಂಟು ತುಂಬುವ ತನಕ ಹಚ್ಚೆಗೆ ಹೆತ್ತವರು ಒಪ್ಪಬಾರದು. ಮಗು ಎಷ್ಟು ಅತ್ತರೂ, ಚಿತ್ರ ದೇವರದಾದರೂ, ನೆರೆಮನೆಯವರು ಬಿಟ್ಟಿದ್ದರೂ ಒಪ್ಪಬಾರದು. ಹಾಲೆಯ ಚುಚ್ಚಿಗೆ ಮತ್ತು ಮೂಗುತಿಗೆ ಈ ಕಟ್ಟು ಬೇಡ. ಅವನ್ನು ತೆಗೆದಿಟ್ಟರೆ ತೂತು ಬಹುಮಟ್ಟಿಗೆ ಕೂಡಿಕೊಳ್ಳುತ್ತದೆ. ಹುಡುಗ ಕೇಳಿದರೂ ಹುಡುಗಿ ಕೇಳಿದರೂ ಶುದ್ಧವಾದ ಕೈಯಲ್ಲಿ, ಬಲ್ಲವರಿಂದ ಮಾಡಿಸಿಕೊಡಿರಿ. ಮೇಲ್ಗಿವಿ, ನಾಲಿಗೆ, ಹುಬ್ಬುಗಳದ್ದು ಹಚ್ಚೆಯ ಸಾಲಿಗೇ ಸೇರಲಿ. ಹದಿನೆಂಟಾದ ಮೇಲೆ ಮಗ ಹಾಕಿಸಿಕೊಂಡು ಬಂದರೆ ತಮಗೆ ಇಷ್ಟವಿಲ್ಲವೆಂದು ಒಮ್ಮೆ ಹೇಳಿ ಊಟಕ್ಕೆ ಎಲೆ ಹಾಕಿರಿ. ಆ ಕಾರಣಕ್ಕಾಗಿ ಮಗನೊಡನೆ ಮಾತು ಬಿಟ್ಟ ತಂದೆಯರನ್ನು ನಾವು ಕಂಡಿದ್ದೇವೆ. ಹಚ್ಚೆಗಿಂತ ಆಳವಾದ ಕಲೆ ಅದು.

ಈ ಕಾಯುವಿಕೆಯ ನಿಯಮಕ್ಕೆ ಹೆತ್ತವರೂ ಒಳಪಡತಕ್ಕದ್ದು ಎಂಬುದನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಮಗು ಕೇಳಿದರೆ ಕಾಯಿರಿ ಎನ್ನುವವರು ಮಗು ಕೇಳದಿದ್ದಾಗಲೂ ಕಾಯಬೇಕು. ಹರಕೆಯ ಹೆಸರಿನಲ್ಲಿ ಹತ್ತು ವರ್ಷದ ಹುಡುಗನ ಗಲ್ಲಕ್ಕೆ ಶಸ್ತ್ರ ಚುಚ್ಚಿಸುವುದನ್ನು ನಮ್ಮ ಪುರವಂತ ಬಂಧುಗಳು ಕೈಬಿಡಬೇಕೆಂದು ಈ ಮೂಲಕ ವಿನಂತಿಸುತ್ತೇವೆ. ಬೆಳೆದವರ ಸೇವೆ ಅವರವರ ಶ್ರದ್ಧೆಗೆ ಬಿಟ್ಟದ್ದು. ಬರೆ ಹಾಕಿಸುವುದಂತೂ ಇಂದೇ ನಿಲ್ಲಬೇಕು.

ಬೇಗೂರಿಗೆ ಮರಳುತ್ತೇವೆ. ಆ ರಾತ್ರಿ ನಾವು ತೀರ್ಪನ್ನು ಹೇಳಲಿಲ್ಲ. ಮರುದಿನ ಬೆಳಗ್ಗೆ ಲಿಂಗಪೂಜೆ ಮುಗಿಸಿ ತಂದೆಮಗಳನ್ನು ಕರೆದುಕೊಂಡು ನಾಗೇಶ್ವರನ ಗುಡಿಗೆ ಹೋದೆವು. ಕಾಳಗದಲ್ಲಿ ಮಡಿದವನ ಸುದ್ದಿ ಹೇಳುವ ಆ ಕಲ್ಲಿನ ಮುಂದೆ ಹುಡುಗಿ ಬಹಳ ಹೊತ್ತು ಕುಳಿತು ಅಕ್ಷರಗಳನ್ನು ಬಿಡಿಸಲು ನೋಡಿದಳು. ಒಂದೆರಡು ಮಾತ್ರ ಸಿಕ್ಕವು. ಅಲ್ಲಿಯೇ ಅವಳನ್ನು, ನಿನ್ನ ಅಜ್ಜಿ ಹಚ್ಚೆಯನ್ನು ಯಾವಾಗ ಹಾಕಿಸಿಕೊಂಡರಂತೆ ಎಂದು ಕೇಳಿದೆವು. ಅವಳಿಗೆ ತಿಳಿಯದು. ತಂದೆಗೆ ತಿಳಿದಿತ್ತು. ಒಂಬತ್ತನೆಯ ವಯಸ್ಸಿನಲ್ಲಂತೆ, ಮದುವೆ ಗೊತ್ತಾದಾಗ. ಇಬ್ಬರು ಹೆಂಗಸರು ಕೈ ಅದುಮಿ ಹಿಡಿದಿದ್ದರಂತೆ. ಮೂರು ದಿನ ಜ್ವರ ಬಂದಿತ್ತಂತೆ. “ಕಡೀತನಕ ಅದನ್ನ ಹೇಳ್ತಿದ್ಲ್ರೀ ಅಪ್ಪಾರ, ನಕ್ಕೋತನ ಹೇಳ್ತಿದ್ಲು” ಎಂದರು.

ಹುಡುಗಿ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಹಾಗಾದ್ರೆ ಅವರಿಗೆ ಇಷ್ಟ ಇರಲಿಲ್ವಾ?” ಎಂದು ಕೇಳಿದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಎಂಬತ್ತರ ವಯಸ್ಸಿನಲ್ಲಿ ಅದನ್ನು ತೋರಿಸಿ ನಗುತ್ತಿದ್ದ ಮುದುಕಿಗೆ ಇಷ್ಟವಿರಲಿಲ್ಲವೆಂದು ಹೇಳಲು ನಾವಾರು? ಒಂಬತ್ತರ ಕೂಸಿಗೆ ಇಷ್ಟವಿತ್ತೆಂದು ಹೇಳಲೂ ಆಗದು. ಕೇಳಿದವರು ಇರಲಿಲ್ಲ, ಅಷ್ಟೆ.

ಇನ್ನೆರಡು ವರುಷ ಕಾಯುವೆಯಾ ತಾಯಿ ಎಂದೆವು. ಕಾಯುವೆನೆಂದಳು, ಪೂರ್ತಿ ಮನಸ್ಸಿನಿಂದ ಅಲ್ಲ. ಆ ಹಚ್ಚೆಯ ಎಳೆಗಳು ಹೇಗಿದ್ದುವೆಂಬುದು ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ಮನೆಗೆ ಬಂದು ತಂದೆ ಹಳೆಯ ಭಾವಚಿತ್ರಗಳ ಚೀಲವನ್ನು ಕೆಳಗಿಳಿಸಿದರು. ಮೊರದಲ್ಲಿ ಜೋಳ ಕೇರುತ್ತಿರುವ ಅಜ್ಜಿಯ ಒಂದು ಚಿತ್ರ ಸಿಕ್ಕಿತು. ಸೆರಗು ಮೊಣಕೈಯವರೆಗೆ ಬಂದು ಅರ್ಧ ಮುಚ್ಚಿತ್ತು. ಕಂಡಷ್ಟನ್ನು ಹುಡುಗಿ ಪೆನ್ಸಿಲಿನಲ್ಲಿ ಕಾಗದದ ಮೇಲೆ ತೆಗೆದುಕೊಂಡಳು. ಉಳಿದರ್ಧ ಊರಿನಲ್ಲಿರುವ ಅಜ್ಜಿಯ ತಂಗಿಯ ಕೈಮೇಲೆಯೂ ಅದೇ ರೀತಿ ಇದೆಯೆಂದೂ, ದೀಪಾವಳಿಗೆ ಹೋದಾಗ ನೋಡಿ ಬರೆದುಕೊಳ್ಳಬಹುದೆಂದೂ ತಂದೆಯೇ ಹೇಳಿದರು. ನಾವು ಹೊರಡುವ ಹೊತ್ತಿಗೆ ಆ ಕಾಗದವನ್ನು ಮಡಿಚಿ ಗೋಡೆಯ ಪಂಚಾಂಗದ ಹಿಂದೆ ಸಿಕ್ಕಿಸಿಟ್ಟಿದ್ದರು.